ಕಲ್ಲಿದ್ದಲಿನಿಂದ ಎಣ್ಣೆ ತೆಗೆಯಹೊರಟ ಸರ್ ಜ್ಞಾನಚಂದ್ರ ಘೋಷರು

ಡೊಂಬಿವಲಿಯಿಂದ ಕಲ್ಯಾಣಕ್ಕೆ ಸಾಗುವ ಸ್ಲೋ ಗಾಡಿಯು ನಡುವೆ ಠಾಕುರ್ಲಿಯಲ್ಲಿ ನಿಲ್ಲುವುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಆ ಸ್ಟೇಶನ್ನಿನ ಬಳಿ ರೈಲ್ವೆಯವರ ವಿದ್ಯುದಾಗಾರವೊಂದಿದ್ದಿತು. ಹಳಬರು ಅದನ್ನು ಚೋಳಾ ಪವರ್‌ಹೌಸ್ ಎಂದು ಇಂದಿಗೂ ನೆನೆಯುತ್ತಾರೆ. 1920ರ ದಶಕದ ಕೊನೆಯಲ್ಲಿ ಕಲ್ಯಾಣದಾಚೆಯ ಘಟ್ಟಗಳನ್ನು ವಿದ್ಯುತ್ ಇಂಜಿನ್ನುಗಳು ಹತ್ತತೊಡಗಿದಾಗ, ಅವಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವ ಸಲುವಾಗಿ ಕಟ್ಟಿದ ಆಗಾರವದು. ದೂರದ ಗಣಿಗಳಿಂದ ವ್ಯಾಗನ್ನುಗಳಲ್ಲಿ ಬಂದಿಳಿದ ಕಲ್ಲಿದ್ದಲು ಅಲ್ಲಿ ಉರಿದು ವಿದ್ಯುತ್ತಾಗುತ್ತಿದ್ದಿತು. ಹೊಗೆಯೂ ಬೂದಿಯೂ ಸುತ್ತಲಿನ ಊರಿನ ಪಾಲಿಗೆ ಬರುತ್ತಿದ್ದುವು. ಅದು ನಿಂತುಹೋಗಿ ಬಹಳ ವರ್ಷಗಳಾದುವು. ನಮ್ಮ ಹೋಟೆಲುಗಳ ಅಡಿಗೆಮನೆಯಿಂದಲೂ ಕಲ್ಲಿದ್ದಲಿನ ಭಟ್ಟಿ ಹೆಚ್ಚು ಕಡಿಮೆ ಹೊರಟುಹೋಗಿದೆ. ಉಳಿದಿದ್ದ ತಂದೂರಿ ಒಲೆಗಳಿಗೂ 2025ರಲ್ಲಿ ಮುಂಬಯಿ ಮಹಾನಗರಪಾಲಿಕೆಯವರಿಂದ ನೋಟೀಸು ಹೋಯಿತು: ಇದ್ದಿಲು, ಸೌದೆಗಳನ್ನು ಬಿಟ್ಟು ಗ್ಯಾಸಿಗೋ ವಿದ್ಯುತ್ತಿಗೋ ಬರತಕ್ಕದ್ದು ಎಂದು.

ಹೊಗೆ ಹೋದುದು ಒಳ್ಳೆಯದೇ. ಆದರೆ ಗ್ಯಾಸು ಎಲ್ಲಿಂದ ಬರುತ್ತದೆ? ನಮ್ಮ ದೇಶದಲ್ಲಿ ಕಲ್ಲಿದ್ದಲು ಹೇರಳವಾಗಿದೆ. 2024-25ರಲ್ಲಿ ನೂರು ಕೋಟಿ ಟನ್ನಿಗೂ ಮಿಕ್ಕಿ ಗಣಿಯಿಂದ ಹೊರಬಂದಿತು. ಕಚ್ಚಾ ಎಣ್ಣೆಯಾದರೋ ನೂರಕ್ಕೆ 85 ಪಾಲಿಗೂ ಹೆಚ್ಚು ಹಡಗಿನಲ್ಲಿ ಬರಬೇಕಾಗಿದೆ. ಹೋಟೆಲಿನ 19 ಕಿಲೋ ಸಿಲಿಂಡರಿನ ದರ ಏರಿತೋ ಇಳಿಯಿತೋ ಎಂದು ತಿಂಗಳ ಮೊದಲ ದಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಕಾತರದಿಂದ ವಿಚಾರಿಸುವುದನ್ನು ನಾವು ಕಂಡಿದ್ದೇವೆ. ಇದ್ದುದನ್ನು ಸುಟ್ಟು ಹೊಗೆ ಕುಡಿಯುವುದು, ಇಲ್ಲದುದನ್ನು ಹೊರಗಿನಿಂದ ಕೊಳ್ಳುವುದು: ಈ ಎರಡರ ನಡುವೆ ಮೂರನೆಯ ದಾರಿಯೊಂದು ಉಂಟೇ? ಕಲ್ಲಿದ್ದಲನ್ನೇ ಪೆಟ್ರೋಲನ್ನಾಗಿಯೂ ಸೀಮೆಎಣ್ಣೆಯನ್ನಾಗಿಯೂ ಮಾರ್ಪಡಿಸಬಾರದೇ? ಈ ಪ್ರಶ್ನೆಯನ್ನು ಎಂಬತ್ತು ವರ್ಷಗಳ ಹಿಂದೆ, ಕಲ್ಲಿದ್ದಲಿನ ಒಂದು ಗಣಿಯೂ ಇಲ್ಲದ ಮೈಸೂರು ಸೀಮೆಯಲ್ಲಿ ಕುಳಿತು ಕೈಗೆತ್ತಿಕೊಂಡವರು ಸರ್ ಜ್ಞಾನಚಂದ್ರ ಘೋಷರು. ಅವರು ಬಂಗಾಳದವರು. ಆದರೂ ಅವರ ಬಾಳಿನ ಮಹತ್ವದ ಒಂಬತ್ತು ವರ್ಷಗಳು ಬೆಂಗಳೂರಿನಲ್ಲಿ ಸಂದುವು.

ಜ್ಞಾನಚಂದ್ರರು 1894ರಲ್ಲಿ ಪುರೂಲಿಯಾದಲ್ಲಿ ಜನಿಸಿದರು. ಶಾಲೆಯ ಓದು ಗಿರಿಡಿಯಲ್ಲಿ ನಡೆಯಿತು. ಗಿರಿಡಿಯು ಕಲ್ಲಿದ್ದಲಿನ ಊರು. ಈಸ್ಟ್ ಇಂಡಿಯನ್ ರೈಲ್ವೆಯು ತನ್ನ ಇಂಜಿನ್ನುಗಳಿಗಾಗಿ ಅಲ್ಲಿ ಗಣಿಗಳನ್ನು ತೋಡಿಸಿದ್ದಿತು. ಮುಂದೆ ಕಲ್ಲಿದ್ದಲಿನ ರಸಾಯನವನ್ನು ಹಿಡಿದ ಮನುಷ್ಯನು ಬಾಲ್ಯವನ್ನು ಗಣಿಗಳ ಮಗ್ಗುಲಲ್ಲಿ ಕಳೆದುದು ಕಾಕತಾಳೀಯವೇ ಇರಬಹುದು. ನಾವು ಅದಕ್ಕೆ ಹೆಚ್ಚಿನ ಅರ್ಥ ಹಚ್ಚಲಾರೆವು.

ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಅವರು ಬಂದ ಕಾಲಕ್ಕೆ ಅಲ್ಲಿ ಗುರುಗಳೂ ದೊಡ್ಡವರು, ಸಹಪಾಠಿಗಳೂ ದೊಡ್ಡವರು. ರಸಾಯನಶಾಸ್ತ್ರವನ್ನು ಹೇಳಿಕೊಡುತ್ತಿದ್ದವರು ಆಚಾರ್ಯ ಪ್ರಫುಲ್ಲಚಂದ್ರ ರಾಯರು. ಒಂದೇ ಅವಧಿಯಲ್ಲಿ ಓದುತ್ತಿದ್ದವರು ಸತ್ಯೇಂದ್ರನಾಥ ಬೋಸರು, ಮೇಘನಾದ ಸಾಹಾ ಅವರು. ಇಂತಹ ಗುಂಪಿನಿಂದ 1915ರಲ್ಲಿ ಎಂ.ಎಸ್‌ಸಿ. ಮುಗಿಸಿದ ಘೋಷರನ್ನು ಅಶುತೋಷ ಮುಖರ್ಜಿಯವರು ಹೊಸತಾಗಿ ತೆರೆದಿದ್ದ ವಿಜ್ಞಾನ ಕಾಲೇಜಿಗೆ ಅಧ್ಯಾಪಕರನ್ನಾಗಿ ಸೇರಿಸಿಕೊಂಡರು.

ಮೂರು ವರ್ಷಗಳೊಳಗೆ ಅವರ ಹೆಸರು ಯುರೋಪಿಗೆ ಮುಟ್ಟಿತು. ಉಪ್ಪನ್ನು ನೀರಿಗೆ ಹಾಕಿದರೆ ಕರಗುವುದನ್ನು ಎಲ್ಲರೂ ಬಲ್ಲೆವು. ಕರಗಿದ ಉಪ್ಪು ವಿದ್ಯುದಂಶವುಳ್ಳ ಎರಡು ಬಗೆಯ ಕಣಗಳಾಗಿ ಒಡೆಯುತ್ತದೆ; ಆದುದರಿಂದಲೇ ಉಪ್ಪುನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ. ಉಪ್ಪಿನ ಒಂದು ಪಾಲು ಮಾತ್ರ ಒಡೆಯುವುದೆಂದೂ ಉಳಿದುದು ಹಾಗೆಯೇ ಇರುವುದೆಂದೂ ಆಗಿನ ಪಂಡಿತರು ನಂಬಿದ್ದರು. ಘೋಷರು 1918ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬೇರೊಂದು ವಾದವನ್ನು ಮಂಡಿಸಿದರು. ಉಪ್ಪಿನಂತಹ ಪದಾರ್ಥಗಳು ನೀರಿನಲ್ಲಿ ಪೂರ್ತಿಯಾಗಿಯೇ ಒಡೆಯುತ್ತವೆ, ಆದರೆ ಒಡೆದ ಕಣಗಳು ಒಂದನ್ನೊಂದು ಸೆಳೆಯುವುದರಿಂದ ಎಲ್ಲವೂ ಸ್ವತಂತ್ರವಾಗಿ ಚಲಿಸಲಾರವು ಎಂಬುದು ಅವರ ವಾದದ ತಿರುಳು. ಇಪ್ಪತ್ತನಾಲ್ಕರ ಹರೆಯದ, ಸಮುದ್ರವನ್ನು ಇನ್ನೂ ದಾಟದಿದ್ದ ಒಬ್ಬ ಅಧ್ಯಾಪಕನ ಲೇಖನವನ್ನು ಹಿರಿಯ ರಸಾಯನಜ್ಞರು ಗಂಭೀರವಾಗಿ ಓದಿದರು.

ಈ ವಾದ ಬಹುಕಾಲ ನಿಲ್ಲಲಿಲ್ಲ. ಕಣಗಳು ನೀರಿನಲ್ಲಿಯೂ ಹರಳಿನೊಳಗಿನಂತೆ ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಂತಿರುತ್ತವೆಂದು ಘೋಷರು ಎಣಿಸಿದ್ದರು. ಅದು ಸರಿಯಲ್ಲವೆಂದು ತೋರಿಬಂದಿತು. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಎಂಬಿಬ್ಬರು ಹೆಚ್ಚು ನಿಖರವಾದ ಸಿದ್ಧಾಂತವನ್ನು ಕೊಟ್ಟರು. ಇಂದಿನ ಪಠ್ಯಪುಸ್ತಕಗಳಲ್ಲಿ ಇರುವುದು ಆ ಇಬ್ಬರ ಹೆಸರು. ಪೂರ್ತಿ ಒಡೆಯುವುದೆಂಬ ಮುಖ್ಯ ಮಾತು ಮಾತ್ರ ಘೋಷರದೇ ಪಕ್ಷಕ್ಕೆ ಉಳಿಯಿತು. ತಾವು ತೆರೆದ ದಾರಿಯಲ್ಲಿ ಬೇರೆಯವರು ಮುಂದೆ ಹೋದುದು ಘೋಷರ ಬಾಳಿನಲ್ಲಿ ಇದೊಂದೇ ಸಾರಿಯಲ್ಲ. ವಾಚಕರು ಇದನ್ನು ನೆನಪಿನಲ್ಲಿಡಬೇಕು.

1919ರಲ್ಲಿ ಅವರು ಲಂಡನ್ನಿಗೆ ತೆರಳಿ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರ್ ಡೊನನ್ನರ ಬಳಿ ಕೆಲಸ ಮಾಡಿದರು. ಶಾಂತಿಸ್ವರೂಪ ಭಟ್ನಾಗರರೂ ಜ್ಞಾನೇಂದ್ರನಾಥ ಮುಖರ್ಜಿಯವರೂ ಅದೇ ಕಾಲದಲ್ಲಿ ಅಲ್ಲಿದ್ದರು. ಪರದೇಶದ ಆ ಮೂವರ ಮಾತುಕತೆಯಲ್ಲಿ ಮೊಳೆತ ವಿಚಾರವೇ 1924ರಲ್ಲಿ ಕಲಕತ್ತೆಯಲ್ಲಿ ಭಾರತೀಯ ರಸಾಯನ ಸಂಘವಾಗಿ ರೂಪುಗೊಂಡಿತು. 1921ರಲ್ಲಿ ಘೋಷರು ಹೊಸದಾಗಿ ಸ್ಥಾಪಿತವಾದ ಢಾಕಾ ವಿಶ್ವವಿದ್ಯಾಲಯಕ್ಕೆ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿಯೇ ಹದಿನೆಂಟು ವರ್ಷ ನಿಂತರು. ಬೆಳಕಿನಿಂದ ನಡೆಯುವ ರಸಾಯನಕ್ರಿಯೆಗಳನ್ನು ಕುರಿತು ಅಲ್ಲಿ ಬಹಳಷ್ಟು ಶೋಧನೆ ನಡೆಸಿದರು. 1939ರಲ್ಲಿ ಲಾಹೋರಿನಲ್ಲಿ ಕೂಡಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ನೇಮಕಗೊಂಡರು.

ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟು ಎಂದೇ ಕರೆಯುವ ಈ ಸಂಸ್ಥೆಯ ಅನ್ನದ ಋಣ ಮುಂಬಯಿಯಲ್ಲಿದೆ. ಜಮಶೇಟಜಿ ಟಾಟಾರವರು ಮುಂಬಯಿಯಲ್ಲಿದ್ದ ತಮ್ಮ ಮನೆ ಜಮೀನುಗಳ ಉತ್ಪನ್ನವನ್ನು ಇದಕ್ಕಾಗಿ ಮೀಸಲಿಟ್ಟರು. ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ಕೊಟ್ಟಿತು. 1909ರಲ್ಲಿ ಸಂಸ್ಥೆಯು ಜನ್ಮತಾಳಿತು. ಮುಂಬಯಿಯ ಬಾಡಿಗೆಯ ಹಣ ಕನ್ನಡ ನಾಡಿನಲ್ಲಿ ವಿದ್ಯೆಯಾಯಿತು. ಊರಿಗೆ ಮನಿಯಾರ್ಡರು ಕಳುಹಿಸಿ ತಮ್ಮಂದಿರನ್ನು ಓದಿಸಿದ ನಮ್ಮ ಹಿರಿಯ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಘೋಷರು ಕಾಲಿಟ್ಟ ಸಮಯ ಸುಗಮವಾದುದಲ್ಲ. ಸಂಸ್ಥೆಯೊಳಗಿನ ಕಲಹದಿಂದಾಗಿ ಸರ್ ಸಿ. ವಿ. ರಾಮನ್ನರು 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟಿದ್ದರು. ಆದರೆ ಪ್ರಾಧ್ಯಾಪಕರಾಗಿ ಅಲ್ಲಿಯೇ ಇದ್ದರು. ಅಂತಹ ಮನೆಗೆ ಹೊಸ ಯಜಮಾನನಾಗಿ ಬರುವುದು ಎಷ್ಟು ನಾಜೂಕಿನ ಕೆಲಸವೆಂಬುದನ್ನು ಊಹಿಸಬಹುದು. ಅಷ್ಟರಲ್ಲಿ ಎರಡನೆಯ ಮಹಾಯುದ್ಧವೂ ಸಿಡಿಯಿತು.

ಯುದ್ಧವು ಎಣ್ಣೆಯ ಬೆಲೆಯನ್ನು ಭಾರತಕ್ಕೆ ಕಲಿಸಿತು. ಆಗ ನಮ್ಮ ನೆಲದಲ್ಲಿ ಹೇಳಿಕೊಳ್ಳುವಂತಹ ಎಣ್ಣೆ ಇದ್ದುದು ಅಸ್ಸಾಮಿನ ಡಿಗ್ಬೋಯಿಯ ಸುತ್ತಮುತ್ತ ಮಾತ್ರ. ಸೀಮೆಎಣ್ಣೆಯ ಒಂದು ದೊಡ್ಡ ಪಾಲು ಬರ್ಮಾದಿಂದ ಬರುತ್ತಿದ್ದಿತು. 1942ರಲ್ಲಿ ಜಪಾನೀಯರು ಬರ್ಮಾವನ್ನು ಆಕ್ರಮಿಸಿದರು. ಶತ್ರುವಿನ ಕೈಗೆ ಸಿಗಬಾರದೆಂದು ಬ್ರಿಟಿಷರು ತಾವೇ ಅಲ್ಲಿಯ ಎಣ್ಣೆಬಾವಿಗಳನ್ನು ಹಾಳುಗೆಡವಿ ಹಿಂದಿರುಗಿದರು. ಇತ್ತ ನಮ್ಮ ಹಳ್ಳಿಗಳಲ್ಲಿ ದೀಪಗಳು ಆರಿದುವು. ಮೈಸೂರಿನವರು ಸೀಮೆಎಣ್ಣೆಯೆಂದೂ ಕರಾವಳಿಯವರು ಚಿಮಿಣಿ ಎಣ್ಣೆಯೆಂದೂ ಮುಂಬಯಿಯವರು ಘಾಸಲೇಟೆಂದೂ ಕರೆಯುವ ಆ ಒಂದು ವಸ್ತುವಿಗಾಗಿ ಜನ ಎಲ್ಲೆಡೆ ಸಾಲುನಿಂತರು. ಪೆಟ್ರೋಲಿಗೆ ರೇಷನ್ ಬಂದಿತು. ನಮ್ಮ ಜಿಲ್ಲೆಗಳ ಮೋಟಾರು ಮಾಲಿಕರು ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆಯನ್ನು ಕಟ್ಟಿಸಿದರು. ಕ್ಲೀನರನು ಗಾಳಿಯಂತ್ರದ ಹಿಡಿಕೆಯನ್ನು ತಿರುವಿ ತಿರುವಿ ಕೆಂಡವನ್ನು ಹೊತ್ತಿಸಬೇಕು. ಅದರಿಂದ ಎದ್ದ ಅನಿಲವು ಇಂಜಿನ್ನನ್ನು ನಡೆಸಬೇಕು. ಘಟ್ಟದ ತಿರುವಿನಲ್ಲಿ ಬಸ್ಸು ಸೋತು ನಿಂತರೆ ಪ್ರಯಾಣಿಕರೇ ಇಳಿದು ನೂಕುತ್ತಿದ್ದರೆಂದು ಹಿರಿಯರು ನಗುತ್ತ ಹೇಳುವುದನ್ನು ನಾವು ಕೇಳಿದ್ದೇವೆ.

ಆ ಬಡ ಬಸ್ಸಿನ ಒಲೆಯಲ್ಲಿ ಹುಟ್ಟುತ್ತಿದ್ದ ಅನಿಲವೇ ಘೋಷರ ಶೋಧನೆಗೂ ಮೂಲವಸ್ತು. ಇದನ್ನು ತುಸು ವಿವರಿಸಬೇಕು.

ಕೆಂಪಗೆ ಕಾದ ಕಲ್ಲಿದ್ದಲಿನ ಮೇಲೆ ನೀರಾವಿಯನ್ನು ಹಾಯಿಸಿದರೆ ಎರಡು ಅನಿಲಗಳು ದೊರೆಯುತ್ತವೆ. ಒಂದು ಜಲಜನಕ. ಇನ್ನೊಂದು ಇಂಗಾಲದ ಮಾನಾಕ್ಸೈಡ್. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೇಗಡಿ ಇಟ್ಟುಕೊಂಡು ಮಲಗಿದವರನ್ನು ಸದ್ದಿಲ್ಲದೆ ಕೊಲ್ಲುವ ವಿಷವಾಯು ಅದೇ. ಪೆಟ್ರೋಲೂ ಡೀಸೆಲೂ ಸೀಮೆಎಣ್ಣೆಯೂ ಇಂಗಾಲ ಮತ್ತು ಜಲಜನಕಗಳ ಕೂಟಗಳೇ ಹೊರತು ಬೇರೇನೂ ಅಲ್ಲ. ಕಲ್ಲಿದ್ದಲಿನಲ್ಲಿ ಇಂಗಾಲವು ಬೇಕಾದಷ್ಟಿದೆ, ಜಲಜನಕಕ್ಕೆ ಕೊರತೆ. ಪೆಟ್ರೋಲಿನಲ್ಲಿ ಇಂಗಾಲದ ಒಂದು ಪರಮಾಣುವಿಗೆ ಜಲಜನಕದ ಸುಮಾರು ಎರಡು ಪರಮಾಣುಗಳಿದ್ದರೆ, ಕಲ್ಲಿದ್ದಲಿನಲ್ಲಿ ಒಂದೂ ತುಂಬಿರುವುದಿಲ್ಲ. ಈ ಕೊರತೆಯನ್ನು ತುಂಬುವುದೇ ಎಲ್ಲ ವಿದ್ಯೆಯ ಗುಟ್ಟು. ಜರ್ಮನಿಯ ಬೆರ್ಗಿಯುಸ್ ಎಂಬಾತನು ಪುಡಿಮಾಡಿದ ಕಲ್ಲಿದ್ದಲಿಗೆ ನೂರಾರು ವಾಯುಭಾರದ ಒತ್ತಡದಲ್ಲಿ ಜಲಜನಕವನ್ನು ನೇರವಾಗಿ ತುರುಕುವ ವಿಧಾನವನ್ನು ಕಂಡುಹಿಡಿದು 1931ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದನು. ಅದಕ್ಕೆ ಬೇಕಾದ ದಪ್ಪ ಉಕ್ಕಿನ ಪಾತ್ರೆಗಳನ್ನು ಎರಕಹೊಯ್ಯುವ ಶಕ್ತಿ ಆಗಿನ ಭಾರತಕ್ಕೆ ಇರಲಿಲ್ಲ. ಇನ್ನೊಂದು ವಿಧಾನವನ್ನು 1920ರ ದಶಕದ ನಡುವಿನಲ್ಲಿ ಮ್ಯೂಲ್‌ಹೈಮ್ ಎಂಬ ಊರಿನ ಕಲ್ಲಿದ್ದಲು ಸಂಶೋಧನಾಲಯದಲ್ಲಿ ಫಿಷರ್ ಮತ್ತು ಟ್ರಾಪ್ಷ್ ಎಂಬವರು ಕಂಡುಹಿಡಿದಿದ್ದರು. ಕಲ್ಲಿದ್ದಲನ್ನು ಮೊದಲು ಮೇಲೆ ಹೇಳಿದ ಎರಡು ಅನಿಲಗಳನ್ನಾಗಿ ಮಾಡುವುದು; ಅವನ್ನು ಶುದ್ಧೀಕರಿಸಿ ಕೋಬಾಲ್ಟ್ ಅಥವಾ ಕಬ್ಬಿಣದ ಕ್ರಿಯಾವರ್ಧಕದ ಮೇಲೆ ಹಾಯಿಸುವುದು; ಆಗ ಎಣ್ಣೆಯು ಹನಿಹನಿಯಾಗಿ ಇಳಿಯುವುದು. ಇದಕ್ಕೆ ಅಷ್ಟು ಭಾರಿ ಒತ್ತಡ ಬೇಡ. ಘೋಷರು ಹಿಡಿದುದು ಈ ದಾರಿಯನ್ನು.

ಕ್ರಿಯಾವರ್ಧಕವೆಂದರೇನು? ನಮ್ಮ ವಾಚಕರಲ್ಲಿ ದೋಸೆಯ ಕಾವಲಿಯ ಮುಂದೆ ವರ್ಷಗಟ್ಟಲೆ ನಿಂತವರು ಅನೇಕರಿದ್ದಾರೆ. ಅವರಿಗೆ ಹೇಳುವುದು ಸುಲಭ. ಕಾವಲಿಯು ದೋಸೆಯೊಳಗೆ ಸೇರುವುದಿಲ್ಲ, ಅದರಿಂದ ತೀರಿಹೋಗುವುದೂ ಇಲ್ಲ. ಆದರೆ ಕಾವಲಿ ಪಳಗದೆ ದೋಸೆ ಏಳದು. ಕಾವು ಕಡಿಮೆಯಾದರೆ ಹಿಟ್ಟು ಅಂಟುವುದು, ಹೆಚ್ಚಾದರೆ ಸೀಯುವುದು. ಕೋಬಾಲ್ಟಿನದೂ ಇದೇ ಕಥೆ. ಸುಮಾರು 200 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಅದು ಎಣ್ಣೆ ಕೊಡುವುದು; ಕಾವು ಏರಿತೆಂದರೆ ಎಣ್ಣೆಯ ಬದಲು ಬರಿಯ ಮೀಥೇನ್ ಅನಿಲವೇ ಬರತೊಡಗುವುದು. ಇದಕ್ಕಿಂತ ಫಜೀತಿಯ ಸಂಗತಿಯೆಂದರೆ ಈ ಕ್ರಿಯೆಯು ತಾನೇ ಬಹಳ ಶಾಖವನ್ನು ಹೊರಹಾಕುವುದು. ಒಲೆಯನ್ನು ಆರಿಸಿದರೂ ಕಾವಲಿಯು ತನ್ನಷ್ಟಕ್ಕೆ ಕಾಯುತ್ತ ಹೋದರೆ ಭಟ್ಟನ ಗತಿ ಏನಾಗುವುದೋ ಇಲ್ಲಿ ರಸಾಯನಜ್ಞನ ಗತಿಯೂ ಅದೇ. ಸಾಲದುದಕ್ಕೆ ಕಲ್ಲಿದ್ದಲಿನೊಳಗಿನ ಗಂಧಕದ ಸೋಂಕು ತುಸು ತಗುಲಿದರೂ ಕ್ರಿಯಾವರ್ಧಕವು ಜಡವಾಗಿಬಿಡುವುದು. ನಮ್ಮ ಹೋಲಿಕೆ ಪೂರ್ತಿ ಸರಿಯಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ: ಕಾವಲಿ ಕೊಡುವುದು ಶಾಖವನ್ನು, ಕೋಬಾಲ್ಟ್ ಕೊಡುವುದು ಅನಿಲಗಳು ಬಂದು ಕೂಡುವ ತಾಣವನ್ನು.

ಆ ತಾಣದಲ್ಲಿ ನಡೆಯುವುದೇನು ಎಂಬುದೇ ಘೋಷರ ಮುಖ್ಯ ಪ್ರಶ್ನೆಯಾಯಿತು. ಜರ್ಮನರು ಎಣ್ಣೆಯನ್ನು ತೆಗೆಯುತ್ತಿದ್ದರು. ಒಂಬತ್ತು ಕಾರಖಾನೆಗಳಲ್ಲಿ ಈ ವಿಧಾನ ನಡೆಯುತ್ತಿದ್ದಿತು. ಆದರೂ ಅನಿಲಗಳು ಲೋಹದ ಮೈಗೆ ಹೇಗೆ ಅಂಟಿಕೊಳ್ಳುತ್ತವೆ, ಯಾವುದು ಮೊದಲು, ಯಾವುದು ಎಷ್ಟು ಎಂಬುದು ಸ್ಪಷ್ಟವಾಗಿರಲಿಲ್ಲ. ಕೈಮದ್ದಿನಂತೆ ಯೋಗವನ್ನು ಕಲಿತರೆ ಸಾಲದು, ಅದರ ಒಳಮರ್ಮವನ್ನು ತಿಳಿದರೆ ಮಾತ್ರ ನಮ್ಮ ಕಲ್ಲಿದ್ದಲಿಗೆ ಒಗ್ಗುವಂತೆ ಮಾರ್ಪಡಿಸಬಹುದೆಂಬುದು ಅವರ ನಿಲುವು. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಅವರೂ ಎಂ. ವಿ. ಸಿ. ಶಾಸ್ತ್ರಿಯವರೂ ಇತರ ಸಹಾಯಕರೂ ವರ್ಷಗಟ್ಟಲೆ ಈ ಒಂದು ವಿಷಯವನ್ನು ಬೆನ್ನಟ್ಟಿದರು. ಒಂದೊಂದು ಅನಿಲವನ್ನು ಬೇರೆಯಾಗಿ, ಮತ್ತೆ ಎರಡನ್ನೂ ಬೆರೆಸಿ, ಬೇರೆ ಬೇರೆ ಕಾವಿನಲ್ಲಿ ಕೋಬಾಲ್ಟಿನ ಮೇಲೆ ಬಿಟ್ಟು, ಅಂಟಿದುದೆಷ್ಟು ಎಂದು ಅಳೆಯುವ ಕೆಲಸ. ಹೊರಗಿನವರ ಕಣ್ಣಿಗೆ ಇದಕ್ಕಿಂತ ನೀರಸವಾದುದು ಮತ್ತೊಂದಿಲ್ಲ. ಇದರ ಫಲವನ್ನೊಳಗೊಂಡ ಲೇಖನವೊಂದು 1952ರಲ್ಲಿ ಅಮೇರಿಕೆಯ ಹೆಸರುವಾಸಿ ಪತ್ರಿಕೆಯಲ್ಲಿ ಘೋಷ, ಶಾಸ್ತ್ರಿ, ಕೆ. ಎ. ಕಿಣಿ ಎಂಬ ಮೂವರ ಹೆಸರಿನಲ್ಲಿ ಅಚ್ಚಾಯಿತು. ಕಿಣಿ ಎಂಬ ಹೆಸರು ನಮ್ಮ ಕರಾವಳಿಯ ವಾಚಕರ ಕಿವಿಗೆ ಹೊಸತಲ್ಲ.

ಈ ಕ್ರಿಯಾವರ್ಧಕದಲ್ಲಿ ಕೋಬಾಲ್ಟಿನ ಜೊತೆಗೆ ತುಸು ಥೋರಿಯಂ ಭಸ್ಮವನ್ನೂ ಬೆರೆಸುವ ವಾಡಿಕೆ ಇದ್ದಿತು. ಥೋರಿಯಂ ತಿರುವಾಂಕೂರಿನ ಕಡಲತೀರದ ಮರಳಿನಲ್ಲಿ ಧಾರಾಳವಾಗಿ ಸಿಗುವ ವಸ್ತು. ಕೋಬಾಲ್ಟು ಮಾತ್ರ ನಮ್ಮಲ್ಲಿ ದುರ್ಲಭ. ಎಣ್ಣೆಗಾಗಿ ಪರದೇಶದ ಮುಖ ನೋಡಬಾರದೆಂದು ಹೊರಟರೆ ಕೋಬಾಲ್ಟಿಗಾಗಿ ನೋಡಬೇಕಾಗುವುದು! ಆದುದರಿಂದ ಅಗ್ಗದ ಕಬ್ಬಿಣದ ಕಡೆಗೆ ಎಲ್ಲ ದೇಶಗಳ ಶೋಧಕರೂ ಕ್ರಮೇಣ ತಿರುಗಿದರು.

ಘೋಷರನ್ನು ಕೇವಲ ಪ್ರಯೋಗಶಾಲೆಯ ಮನುಷ್ಯನೆಂದು ಭಾವಿಸಿದರೆ ತಪ್ಪಾಗುವುದು. ಅವರ ಕಾಲದಲ್ಲಿ ಸಂಸ್ಥೆಯ ಮುಖವೇ ಬದಲಾಯಿತು. 1942ರಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆಯಿತು. ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ಹಿಂದೂಸ್ಥಾನ್ ವಿಮಾನ ಕಾರಖಾನೆಗೆ ಬೇಕಾದ ತಜ್ಞರನ್ನು ಅಲ್ಲಿಯೇ ತಯಾರುಮಾಡುವುದು ಉದ್ದೇಶ. ತರುವಾಯ ಲೋಹಶಾಸ್ತ್ರ, ಮೋಟಾರು ಇಂಜಿನ್ನುಗಳ ಶಾಸ್ತ್ರ ಮುಂತಾದುವು ಬಂದುವು. ಶುದ್ಧ ವಿಜ್ಞಾನದ ಮಂದಿರದಲ್ಲಿ ಕಮ್ಮಾರಸಾಲೆಯ ಸದ್ದೇಕೆ ಎಂದು ಗೊಣಗಿದವರೂ ಇದ್ದಿರಬೇಕು. ನಮ್ಮ ಅಭಿಪ್ರಾಯದಲ್ಲಿ ಆ ಸದ್ದೇ ಬೆಂಗಳೂರನ್ನು ಇಂದಿನ ಬೆಂಗಳೂರನ್ನಾಗಿ ಮಾಡಿತು. 1943ರಲ್ಲಿ ಸರಕಾರವು ಅವರಿಗೆ ಸರ್ ಪದವಿಯನ್ನಿತ್ತಿತು.

ಸ್ವಾತಂತ್ರ್ಯಾನಂತರ 1948ರ ಹೊತ್ತಿಗೆ ಘೋಷರು ಬೆಂಗಳೂರನ್ನು ಬಿಟ್ಟು ದಿಲ್ಲಿಯಲ್ಲಿ ಕೈಗಾರಿಕೆ ಮತ್ತು ಸರಬರಾಜಿನ ಮಹಾನಿರ್ದೇಶಕರಾಗಿದ್ದರು. ಅನಂತರ ಖಡಗಪುರದ ಐ.ಐ.ಟಿ.ಗೆ ಮೊದಲನೆಯ ನಿರ್ದೇಶಕರಾದರು. ಬ್ರಿಟಿಷರು ರಾಜಕೀಯ ಬಂದಿಗಳನ್ನು ಕೂಡಿಹಾಕುತ್ತಿದ್ದ ಹಿಜಲಿಯ ಸೆರೆಮನೆಯ ಕಟ್ಟಡದಲ್ಲಿ 1951ರಲ್ಲಿ ಪಾಠಗಳು ಆರಂಭವಾದುವು. ಅದೇ ಮಾದರಿಯ ಎರಡನೆಯ ಸಂಸ್ಥೆಯು 1958ರಲ್ಲಿ ಸ್ಥಾಪಿತವಾಗಿ ತರುವಾಯ ನಮ್ಮ ಮಗ್ಗುಲಿನ ಪವಾಯಿಗೆ ಬಂದಿತು. ಠಾಣೆ, ಐರೋಲಿಗಳ ಕಡೆಯಿಂದ ಆ ಕೆರೆಯ ದಂಡೆಯನ್ನು ಹಾದುಹೋಗುವ ಎಷ್ಟೋ ಮಂದಿ ಕನ್ನಡಿಗ ಗುಮಾಸ್ತರ ಮಕ್ಕಳು ಅದರ ಬಾಗಿಲನ್ನು ದಾಟುವ ಕನಸಿನಲ್ಲಿ ರಾತ್ರಿಯೆಲ್ಲ ಓದುತ್ತಾರೆ.

ಕಲ್ಲಿದ್ದಲಿನ ಎಣ್ಣೆಯ ಗತಿ ಏನಾಯಿತು? ದಕ್ಷಿಣ ಆಫ್ರಿಕವು 1950ರಲ್ಲಿ ಸಾಸೋಲ್ ಎಂಬ ಸಂಸ್ಥೆಯನ್ನು ಕಟ್ಟಿ 1955ರಲ್ಲಿ ಇದೇ ಫಿಷರ್-ಟ್ರಾಪ್ಷ್ ವಿಧಾನದಿಂದ ಎಣ್ಣೆ ತೆಗೆಯಲಾರಂಭಿಸಿತು. ಭಾರತದಲ್ಲಿಯೂ ವಿಷಯವು ಸರಕಾರದ ಮುಂದೆ ಬಂದಿತು, ಲೆಕ್ಕಾಚಾರಗಳು ನಡೆದುವು, ಕಾರಖಾನೆ ಏಳಲಿಲ್ಲ. ಕಾರಣಗಳು ಗೂಢವಾದುವಲ್ಲ. ಒಂದು ಟನ್ನು ಎಣ್ಣೆಗೆ ನಾಲ್ಕಾರು ಟನ್ನು ಕಲ್ಲಿದ್ದಲು ಬೇಕು. ನಮ್ಮ ಕಲ್ಲಿದ್ದಲಿನಲ್ಲಿಯೋ ಮೂರನೆಯ ಒಂದು ಪಾಲು, ಕೆಲವೆಡೆ ಅದಕ್ಕೂ ಹೆಚ್ಚು, ಬರಿಯ ಬೂದಿ. ಕಾರಖಾನೆಗೆ ಸುರಿಯಬೇಕಾದ ಬಂಡವಾಳ ಅಪಾರ. ಇದೇ ವೇಳೆಗೆ ಅರಬ್ಬೀ ಸೀಮೆಯ ಎಣ್ಣೆ ನೀರಿನಂತೆ ಅಗ್ಗವಾಗಿ ಹರಿಯುತ್ತಿದ್ದಿತು. ಅದನ್ನು ಶುದ್ಧೀಕರಿಸಲು ನಮ್ಮ ಖಾಡಿಯಾಚೆಯ ತ್ರಾಂಬೆಯಲ್ಲಿಯೇ 1954 ಮತ್ತು 1955ರಲ್ಲಿ ಎರಡು ವಿದೇಶೀ ಕಂಪೆನಿಗಳು ರಿಫೈನರಿಗಳನ್ನು ತೆರೆದುವು. ಹೊಸ ಬಡ ರಾಷ್ಟ್ರವು ಅಗ್ಗದ ದಾರಿಯನ್ನು ಹಿಡಿಯಿತು. ಅದನ್ನು ನಾವು ತಪ್ಪೆಂದು ಹೇಳಲಾರೆವು. ಆ ಹಣದಲ್ಲಿ ಅಣೆಕಟ್ಟುಗಳೂ ಉಕ್ಕಿನ ಕಾರಖಾನೆಗಳೂ ಎದ್ದುವು.

ಆ ತೀರ್ಮಾನಗಳ ಕಾಲದಲ್ಲಿ ಘೋಷರು ದೂರದಲ್ಲಿ ನಿಂತಿರಲಿಲ್ಲ. 1954ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಕೆಲಕಾಲ ಕಲಕತ್ತಾ ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದು 1955ರಲ್ಲಿ ಯೋಜನಾ ಆಯೋಗದ ಸದಸ್ಯರಾದರು. ಬಾಳಿನ ಬಹುಭಾಗವನ್ನು ಯಾವ ವಿದ್ಯೆಗಾಗಿ ಸವೆಸಿದರೋ ಅದಕ್ಕೆ ಬೊಕ್ಕಸದಿಂದ ಹಣ ಹೊರಡದ ಕಾಲದಲ್ಲಿ ಆ ಬೊಕ್ಕಸದ ಯೋಜನೆಗಳನ್ನು ತೂಗಿ ನೋಡುವ ಮೇಜಿನ ಮುಂದೆ ಅವರೇ ಕುಳಿತಿದ್ದರು. ಇದು ಎಷ್ಟು ಕಷ್ಟದ ಸ್ಥಾನವೆಂಬುದನ್ನು, ತನ್ನ ಮಗನ ಅರ್ಜಿಯನ್ನು ತಾನೇ ವಿಲೇವಾರಿ ಮಾಡಬೇಕಾದ ಗುಮಾಸ್ತನಾದರೂ ಬಲ್ಲನು. 1958ರ ಸೆಪ್ಟೆಂಬರಿನಲ್ಲಿ ಗುಜರಾತಿನ ಖಂಭಾತದ ಬಳಿ ನೆಲದಿಂದ ಎಣ್ಣೆ ಚಿಮ್ಮಿತು. ದೇಶವೆಲ್ಲ ಹರ್ಷಿಸಿತು. ಭಾರತದ ಎಣ್ಣೆಯು ಕಲ್ಲಿದ್ದಲಿನಿಂದಲ್ಲ, ನೆಲದಾಳದಿಂದಲೇ ಬರುವುದೆಂಬ ಭರವಸೆ ಬಲವಾಯಿತು. ನಾಲ್ಕು ತಿಂಗಳ ತರುವಾಯ, 1959ರ ಜನವರಿ 21ರಂದು, ಆಯೋಗದ ಸದಸ್ಯರಾಗಿದ್ದಾಗಲೇ ಜ್ಞಾನಚಂದ್ರ ಘೋಷರು ಕಾಲವಾದರು.

ಖಂಭಾತವೂ, 1974ರಲ್ಲಿ ದೊರೆತ ಮುಂಬಯಿ ಹೈಯೂ ದೇಶದ ಹಸಿವಿಗೆ ಸಾಲಲಿಲ್ಲ. ಮರೆತಿದ್ದ ಪ್ರಶ್ನೆ ಮತ್ತೆ ಎದ್ದಿದೆ. 2030ರೊಳಗಾಗಿ ವರ್ಷಕ್ಕೆ ಹತ್ತು ಕೋಟಿ ಟನ್ನು ಕಲ್ಲಿದ್ದಲನ್ನು ಅನಿಲವಾಗಿಸುವ ಗುರಿಯನ್ನು ಕೇಂದ್ರ ಸರಕಾರವು ಇಟ್ಟುಕೊಂಡಿದೆ. 2024ರ ಜನವರಿಯಲ್ಲಿ ಅದಕ್ಕೆಂದು 8,500 ಕೋಟಿ ರೂಪಾಯಿಗಳ ಪ್ರೋತ್ಸಾಹಧನವನ್ನು ಮಂಜೂರು ಮಾಡಿತು. ಅನಿಲದಿಂದ ಮೆಥನಾಲ್, ಮೆಥನಾಲಿನಿಂದ ಡೈಮಿಥೈಲ್ ಈಥರ್. ಈ ಕೊನೆಯದನ್ನು ಅಡಿಗೆಯ ಗ್ಯಾಸಿನೊಂದಿಗೆ ಬೆರೆಸಿ ಉರಿಸಬಹುದು. ಹೀಗೆ ತೆಗೆದ ದ್ರವ ಇಂಧನಗಳಲ್ಲಿ ಗಂಧಕವು ಇಲ್ಲವೆನ್ನುವಷ್ಟು ಕಡಿಮೆ, ಹೊಗೆಯೂ ಕಡಿಮೆ. ಡೊಂಬಿವಲಿಯ, ತುರ್ಭೆಯ ಗಾಳಿಯನ್ನು ಉಸಿರಾಡುವವರಿಗೆ ಇದು ಸಣ್ಣ ಮಾತಲ್ಲ. ಆದರೆ ನಾಣ್ಯದ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಉರಿಯುವಾಗ ಶುದ್ಧವಾದ ಈ ಇಂಧನವು ತಯಾರಾಗುವಾಗ ಅಪಾರವಾದ ಇಂಗಾಲಾಮ್ಲವನ್ನು ಗಾಳಿಗೆ ಬಿಡುವುದು. ದಕ್ಷಿಣ ಆಫ್ರಿಕದ ಸೆಕುಂಡಾ ಎಂಬ ಊರಿನ ಇಂತಹ ಕಾರಖಾನೆಯು, ಒಂದೇ ಸ್ಥಳದಿಂದ ಆ ಅನಿಲವನ್ನು ಹೊರಬಿಡುವುದರಲ್ಲಿ ಜಗತ್ತಿನಲ್ಲೇ ಮುಂಚೂಣಿಯಲ್ಲಿದೆ. ಹೊಗೆಯು ನಗರದಿಂದ ಹೊರಟು ಗಣಿಯ ಊರಿಗೆ ಹೋದಂತಾಯಿತೇ ಹೊರತು ಮಾಯವಾಗಲಿಲ್ಲ. ಆ ಅನಿಲವನ್ನು ಹಿಡಿದು ನೆಲದೊಳಗೆ ಹುದುಗಿಸುವ ಉಪಾಯ ಅಗ್ಗವಾಗದೆ ಈ ಲೆಕ್ಕ ಸರಿಹೋಗದು.

ಬೂದಿ ತುಂಬಿದ ಭಾರತೀಯ ಕಲ್ಲಿದ್ದಲಿನಿಂದ ಮೆಥನಾಲ್ ತೆಗೆಯುವ ಪ್ರಾಯೋಗಿಕ ಯಂತ್ರವೊಂದನ್ನು ಭಾರತ್ ಹೆವಿ ಇಲೆಕ್ಟ್ರಿಕಲ್ಸ್ ಸಂಸ್ಥೆಯವರು ಹೈದರಾಬಾದಿನಲ್ಲಿ 2021ರಲ್ಲಿ ನಡೆಸಿ ತೋರಿಸಿದರು. ಅಲ್ಲಿಯೂ ಅನಿಲಗಳು ಲೋಹದ ಮೈಮೇಲೆ ಕೂಡಿಯೇ ದ್ರವವಾಗಬೇಕು. ಲೋಹ ಮಾತ್ರ ಬೇರೆ. ಆ ಯಂತ್ರದಿಂದ ದಿನಕ್ಕೆ ಇಳಿಯುವ ಮೆಥನಾಲ್ ಕಾಲು ಟನ್ನು. ನಮ್ಮ ಹೋಟೆಲಿನ ಲೆಕ್ಕದಲ್ಲಿ ಹೇಳುವುದಾದರೆ, ಹದಿಮೂರು ಸಿಲಿಂಡರಿನೊಳಗಿನ ಗ್ಯಾಸಿನಷ್ಟು ತೂಕ.